ಗಿಡ್ಡ ತೋಳು, ಗಟ್ಟಿ ದಮ್ಮು: ಸೋಲನ್ನೇ ಕಾಣದೆ ಹೋದ ರಾಕಿ

ಹೊಸೂರು: ಎತ್ತರ ಸಾಲದು, ತೋಳು ಗಿಡ್ಡ, ಕಾಲು ನಿಧಾನ, ವಯಸ್ಸೂ ಮೀರಿದೆ. ಹೀಗೆ ನಾಲ್ಕೂ ವಿಷಯದಲ್ಲಿ ಫೇಲ್ ಅನ್ನಿಸಿಕೊಂಡ ಹುಡುಗನೊಬ್ಬ ಪ್ರಪಂಚದ ಹೆವಿವೇಟ್ ಬಾಕ್ಸಿಂಗ್ ಚಾಂಪಿಯನ್ ಆದ. ಆದದ್ದಷ್ಟೇ ಅಲ್ಲ, ಆಡಿದ 49 ವೃತ್ತಿಪರ ಪಂದ್ಯಗಳಲ್ಲಿ ಒಂದನ್ನೂ ಸೋಲದೆ, ಒಂದನ್ನೂ ಸಮ ಮಾಡಿಕೊಳ್ಳದೆ ಗ್ಲೌಸ್ ಬಿಚ್ಚಿಟ್ಟು ಮನೆಗೆ ಹೋದ. ಆತನೇ ಅಮೆರಿಕದ ರಾಕಿ ಮಾರ್ಸಿಯಾನೊ.

ರಾಕಿ ಸತ್ತು ಅರ್ಧ ಶತಮಾನ ದಾಟಿದೆ. ಆದರೂ ಪೊಲೀಸ್ ಭರ್ತಿಗೆ, ಮಿಲಿಟರಿ ಭರ್ತಿಗೆ ಅಂತ ಬೆಳಗಿನ ಜಾವ ಎದ್ದು ಓಡುವ ಹೊಸೂರು, ಡೆಂಕಣಿಕೋಟೆ, ಕೃಷ್ಣಗಿರಿ ಕಡೆಯ ಹುಡುಗರು ಈತನ ಕಥೆ ತಿಳಿದಿರಬೇಕು. ಏಕೆಂದರೆ ದೇವರು ಕೊಟ್ಟ ಮೈಕಟ್ಟಿನಿಂದ ಗೆದ್ದವನಲ್ಲ ರಾಕಿ. ತನ್ನ ಮೈಯಲ್ಲಿ ಏನೇನು ಕೊರತೆ ಇದೆ ಎಂದು ಪಟ್ಟಿ ಮಾಡಿಕೊಂಡು, ಅದಕ್ಕೆ ತಕ್ಕ ತಾಲೀಮು ಮಾಡಿ ಗೆದ್ದವನು.

ನಮ್ಮ ಸೀಮೆಗೆ ಹೊಸದಲ್ಲ

ಬಾಕ್ಸಿಂಗ್ ಅಂದರೆ ಎಲ್ಲೋ ದೂರದ ಆಟ ಎಂದುಕೊಳ್ಳುವವರಿದ್ದಾರೆ. ಆದರೆ ಹೊಸೂರಿನಿಂದ 40 ಕಿ.ಮೀ. ದೂರದ ಬೆಂಗಳೂರಿನ ದಂಡು ಪ್ರದೇಶದಲ್ಲಿ, ಅತ್ತ ಕೋಲಾರದ ಚಿನ್ನದ ಗಣಿಯಲ್ಲಿ ಬ್ರಿಟಿಷರ ಕಾಲದಲ್ಲೇ ಟಿಕೆಟ್ ಇಟ್ಟು ಬಾಕ್ಸಿಂಗ್ ಪಂದ್ಯ ನಡೆಯುತ್ತಿತ್ತು. ಸೈನಿಕರು, ಆಂಗ್ಲೋ ಇಂಡಿಯನ್ನರು ರಿಂಗಿಗೆ ಇಳಿಯುತ್ತಿದ್ದರು. ಗನ್‌ಬೋಟ್ ಜ್ಯಾಕ್ ಎಂಬ ಕಪ್ಪು ಬಾಕ್ಸರ್‌ನ ಹೆಸರು ಬೆಂಗಳೂರಿನ ಹಳಬರ ಮಾತಿನಲ್ಲಿ ಬಹಳ ಕಾಲ ಉಳಿದಿತ್ತು. ಇನ್ನು ಉತ್ತರ ಚೆನ್ನೈನ ಕೇರಿಗಳಲ್ಲಿ ಬಾಕ್ಸಿಂಗ್‌ಗೆ ಪರಂಪರೆಗಳೇ ಇದ್ದವು. 2021ರಲ್ಲಿ ಬಂದ 'ಸಾರ್ಪಟ್ಟ ಪರಂಬರೈ' ತಮಿಳು ಸಿನಿಮಾ ಅದೇ ಲೋಕವನ್ನು ಹೊಸ ಪೀಳಿಗೆಗೆ ತೋರಿಸಿತು. 1980ರಲ್ಲಿ ಮಹಮ್ಮದ್ ಅಲಿಯೇ ಮದ್ರಾಸಿಗೆ ಬಂದು ಪ್ರದರ್ಶನ ಪಂದ್ಯ ಆಡಿ ಹೋಗಿದ್ದರು. ಆ ಅಲಿಗೂ ರಾಕಿಗೂ ಒಂದು ವಿಚಿತ್ರ ಪಂದ್ಯ ನಡೆದಿತ್ತು. ಆ ವಿಷಯ ಮುಂದೆ ಬರುತ್ತದೆ.

ಬೂಟಿನ ಊರಿನ ಹುಡುಗ

ರಾಕಿ ಹುಟ್ಟಿದ್ದು 1923ರ ಸೆಪ್ಟೆಂಬರ್ 1ರಂದು, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಬ್ರಾಕ್ಟನ್ ಎಂಬ ಊರಲ್ಲಿ. ಹುಟ್ಟು ಹೆಸರು ರಾಕೊ ಫ್ರಾನ್ಸಿಸ್ ಮಾರ್ಕೆಜಿಯಾನೊ. ಅಪ್ಪ ಪಿಯೆರಿನೊ, ಅಮ್ಮ ಪಾಸ್ಕ್ವಲೀನಾ ಇಬ್ಬರೂ ಇಟಲಿಯಿಂದ ಹೊಟ್ಟೆಪಾಡಿಗೆ ಬಂದವರು.

ಕೃಷ್ಣಗಿರಿ ದಾಟಿ ಚೆನ್ನೈ ಹೆದ್ದಾರಿ ಹಿಡಿದರೆ ಸಿಗುವ ವಾಣಿಯಂಬಾಡಿ, ಆಂಬೂರು ನಮಗೆ ಗೊತ್ತು. ಚರ್ಮ, ಬೂಟು, ಅದನ್ನೇ ನಂಬಿದ ಸಾವಿರಾರು ಕುಟುಂಬ. ಬ್ರಾಕ್ಟನ್ ಕೂಡ ಅಂಥದೇ ಊರು. ಇಡೀ ಅಮೆರಿಕಕ್ಕೆ ಬೂಟು ಹೊಲಿದುಕೊಡುತ್ತಿದ್ದ ಊರು. ಪಿಯೆರಿನೊ ಮೊದಲ ಮಹಾಯುದ್ಧದಲ್ಲಿ ವಿಷಾನಿಲಕ್ಕೆ ಸಿಕ್ಕಿ ಆರೋಗ್ಯ ಕಳೆದುಕೊಂಡಿದ್ದ. ಆದರೂ ಬೂಟು ಕಾರ್ಖಾನೆಯ ಯಂತ್ರದ ಮುಂದೆ ನಿಂತು ಆರು ಮಕ್ಕಳನ್ನು ಸಾಕಿದ. ಹಿರಿಯವನೇ ರಾಕಿ. ದಿನಾ ಸಂಜೆ ಸುಸ್ತಾಗಿ ಬರುವ ಅಪ್ಪನನ್ನು ನೋಡಿದ ರಾಕಿಗೆ ಒಂದೇ ಹಠ, ತಾನು ಮಾತ್ರ ಆ ಕಾರ್ಖಾನೆಯಲ್ಲಿ ಜೀವನ ಸವೆಸಬಾರದು.

ಕೂಸಾಗಿದ್ದಾಗ ನ್ಯುಮೋನಿಯಾ ಬಂದು ಬದುಕುವುದೇ ಅನುಮಾನ ಎನ್ನುವ ಹಾಗಾಗಿತ್ತು. ಮುಂದೆ ಅದೇ ಶ್ವಾಸಕೋಶ ಪ್ರಪಂಚದ ಅತಿ ಗಟ್ಟಿ ದಮ್ಮಿನ ಬಾಕ್ಸರ್‌ನದ್ದಾಯಿತು ಎಂಬುದು ವಿಶೇಷ.

ಹೈಸ್ಕೂಲು ಅರ್ಧಕ್ಕೇ ಬಿಟ್ಟ ರಾಕಿ ಗುಂಡಿ ತೋಡಿದ, ಐಸು, ಕಲ್ಲಿದ್ದಲು ಹೊತ್ತ, ಬೇಡ ಅಂದುಕೊಂಡಿದ್ದ ಬೂಟು ಕಾರ್ಖಾನೆಯಲ್ಲೂ ಕೆಲ ದಿನ ದುಡಿದ. 1943ರಲ್ಲಿ ಸೈನ್ಯದ ಕರೆ ಬಂತು. ಸೈನ್ಯದಲ್ಲಿದ್ದಾಗಲೇ ಗ್ಲೌಸ್ ತೊಟ್ಟಿದ್ದು. ಅದೂ ಕ್ರೀಡೆಯ ಮೇಲಿನ ಪ್ರೀತಿಯಿಂದಲ್ಲ, ಬಾಕ್ಸಿಂಗ್ ಆಡುವವರಿಗೆ ಬೇಸರದ ಡ್ಯೂಟಿಗಳಿಂದ ಬಿಡುವು ಸಿಗುತ್ತದೆ ಅಂತ!

ಉಸಿರು ಕಟ್ಟಿದ ಪಂದ್ಯ

1946ರಲ್ಲಿ ಬ್ರಾಕ್ಟನ್‌ನಲ್ಲೇ ಒಂದು ಹವ್ಯಾಸಿ ಪಂದ್ಯ. ಊರ ಹುಡುಗ ಅಂತ ಜನ ಸೇರಿದ್ದರು. ರಾಕಿಗೆ ತಯಾರಿ ಇರಲಿಲ್ಲ. ಸಿಗರೇಟು ಸೇದುತ್ತಿದ್ದ, ಮೈ ಬೆಳೆದಿತ್ತು. ಶುರುವಿನಲ್ಲಿ ಅಬ್ಬರಿಸಿದವನಿಗೆ ಸ್ವಲ್ಪ ಹೊತ್ತಿಗೇ ಉಸಿರು ಕಟ್ಟಿತು, ತೋಳು ಎತ್ತಲು ಆಗಲಿಲ್ಲ. ಕೊನೆಗೆ ಎದುರಾಳಿಗೆ ಮೊಣಕಾಲಿನಿಂದ ತಿವಿದು ಅನರ್ಹನಾದ. ಊರವರ ಎದುರಿಗೇ ಮರ್ಯಾದೆ ಹೋಯಿತು.

ರಾಕಿಯ ಬದುಕು ತಿರುಗಿದ್ದು ಇಲ್ಲಿ. ಇನ್ನು ಮುಂದೆ ಏನಾದರೂ ಆಗಲಿ, ದಮ್ಮು ಸಾಲದೆ ಸೋಲುವುದಿಲ್ಲ ಎಂದು ಅಂದೇ ತೀರ್ಮಾನಿಸಿದ. ಸಿಗರೇಟು ಬಿಟ್ಟ. ಆವತ್ತಿನಿಂದ ನಿವೃತ್ತಿಯಾಗುವ ತನಕ ಆ ಮಾತು ತಪ್ಪಲಿಲ್ಲ.

ಆದರೆ ಆಗಲೂ ರಾಕಿಯ ಕನಸು ಬಾಕ್ಸಿಂಗ್ ಆಗಿರಲಿಲ್ಲ, ಬೇಸ್‌ಬಾಲ್ ಆಗಿತ್ತು. 1947ರಲ್ಲಿ ಷಿಕಾಗೊ ಕಬ್ಸ್ ತಂಡಕ್ಕೆ ಸೇರಿದ ಕಿರಿಯರ ತಂಡವೊಂದರ ಆಯ್ಕೆಗೆ ಹೋದ. ಕ್ಯಾಚರ್ ಸ್ಥಾನದಿಂದ ಚೆಂಡನ್ನು ದೂರಕ್ಕೆ, ಗುರಿಗೆ ಎಸೆಯಲು ಆ ತೋಳಿನಿಂದ ಆಗಲಿಲ್ಲ. ಕೆಲವೇ ವಾರಗಳಲ್ಲಿ ವಾಪಸ್ ಕಳಿಸಿದರು. ಚೆಂಡು ಎಸೆಯಲಾಗದ ಅದೇ ಬಲಗೈ ಮುಂದೆ ಘಟಾನುಘಟಿಗಳನ್ನು ಮಲಗಿಸಿತು.

ಅದೇ ವರ್ಷ ಮಾರ್ಚ್ 17ರಂದು ಹೋಲಿಯೋಕ್ ಎಂಬ ಊರಲ್ಲಿ ರಾಕಿ ಮ್ಯಾಕ್ ಅಂತ ಸುಳ್ಳು ಹೆಸರು ಕೊಟ್ಟು ಹಣಕ್ಕೆ ಮೊದಲ ಪಂದ್ಯ ಆಡಿದ. ಹವ್ಯಾಸಿ ಪಂದ್ಯಗಳಿಗೆ ಬಾಗಿಲು ಮುಚ್ಚಬಾರದಲ್ಲ, ಅದಕ್ಕೆ. ಮೂರನೇ ಸುತ್ತಿನಲ್ಲಿ ಗೆದ್ದ. 1948ರಲ್ಲಿ ನ್ಯೂಯಾರ್ಕಿನ ಗೋಲ್ಡನ್ ಗ್ಲೌಸ್ ಹವ್ಯಾಸಿ ಟೂರ್ನಿಯಲ್ಲಿ ಕೋಲಿ ವ್ಯಾಲೇಸ್ ಎಂಬಾತನ ಎದುರು ಸೋತ. ಅಂದರೆ ರಾಕಿ ಸೋಲೇ ಕಾಣದವನು ಎಂಬುದು ವೃತ್ತಿಪರ ಲೆಕ್ಕದಲ್ಲಿ ಮಾತ್ರ. ಸೋಲಿನ ರುಚಿ ಅವನಿಗೆ ಚೆನ್ನಾಗಿಯೇ ಗೊತ್ತಿತ್ತು.

ಗುರು ಸಿಕ್ಕ

ಬಾಲ್ಯದ ಗೆಳೆಯ ಆಲಿ ಕೊಲಂಬೊ ಸುಮ್ಮನಿರಲಿಲ್ಲ. ನ್ಯೂಯಾರ್ಕಿನ ಹೆಸರುವಾಸಿ ಮ್ಯಾನೇಜರ್ ಆಲ್ ವೈಲ್‌ಗೆ ಪತ್ರ ಬರೆದ. ಇಬ್ಬರೂ ಅಲ್ಲಿಗೆ ಹೋದರು. ಬಸ್ಸಿಗೆ ದುಡ್ಡಿಲ್ಲದಾಗ ಲಾರಿ ಹತ್ತಿಕೊಂಡು ಹೋಗಿದ್ದೂ ಉಂಟು. ಅಲ್ಲಿ ರಾಕಿಯನ್ನು ಪರೀಕ್ಷೆ ಮಾಡಿದವರು ತರಬೇತುದಾರ ಚಾರ್ಲಿ ಗೋಲ್ಡ್‌ಮನ್. ಐದಡಿ ಚಿಲ್ಲರೆ ಎತ್ತರದ ಮುದುಕ, ಕಣ್ಣಿಗೆ ಕನ್ನಡಕ, ತಲೆಗೆ ದುಂಡು ಟೋಪಿ. ಸ್ವತಃ ನೂರಾರು ಪಂದ್ಯ ಆಡಿ ಕೈ ಬೆರಳು ಸೊಟ್ಟ ಮಾಡಿಕೊಂಡಿದ್ದವರು.

ಗೋಲ್ಡ್‌ಮನ್ ಕಂಡಿದ್ದೇನು? ಕಾಲು ಅಗಲಿಸಿ ನಿಲ್ಲುವ, ಗುದ್ದು ತಪ್ಪಿದರೆ ತಾನೇ ಮುಗ್ಗರಿಸುವ, ಎಡಗೈ ಇದೆ ಎಂಬುದನ್ನೇ ಮರೆತಂತೆ ಆಡುವ 24 ವರ್ಷದ ಹುಡುಗ. ಬಾಕ್ಸಿಂಗ್‌ನಲ್ಲಿ ಆ ವಯಸ್ಸಿಗೆ ಅಕ್ಷರಾಭ್ಯಾಸ ಶುರು ಮಾಡುವುದು ತಡವೇ ಸರಿ. ಆದರೆ ಬಲಗೈ ಒಂದು ಸಾರಿ ಸರಿಯಾಗಿ ಕೂತಾಗ ಎದುರಿನವ ಏನಾದ ಎಂಬುದನ್ನೂ ಗುರು ಕಂಡರು. ಅಷ್ಟು ಸಾಕಾಯಿತು.

ಗೋಲ್ಡ್‌ಮನ್ ಜಾಣತನ ಇರುವುದು ಮುಂದಿನ ಕೆಲಸದಲ್ಲಿ. ಈ ಹುಡುಗನನ್ನು ಪುಸ್ತಕದಲ್ಲಿರುವಂತೆ ನೆಟ್ಟಗೆ ನಿಂತು ಆಡುವ ಬಾಕ್ಸರ್ ಮಾಡಲು ಅವರು ಹೋಗಲಿಲ್ಲ. ಗಿಡ್ಡ ಇದ್ದಾನಾ, ಇನ್ನಷ್ಟು ಬಗ್ಗಿ ಆಡಲಿ ಎಂದರು. ಮೊಣಕಾಲು ಮಡಚಿ, ನಡು ಬಗ್ಗಿಸಿ, ಎದುರಾಳಿಯ ಎದೆಯ ಕೆಳಗೆ ತಲೆ ಇಟ್ಟು ನುಗ್ಗುವುದನ್ನು ಕಲಿಸಿದರು. ಎತ್ತರದವನು ಇಷ್ಟು ಕೆಳಗೆ ಇರುವವನಿಗೆ ಗುದ್ದಬೇಕಾದರೆ ತಾನೂ ಬಗ್ಗಬೇಕು. ಬಗ್ಗಿದನೋ, ರಾಕಿಯ ಬಲಗೈ ಮೇಲಿನಿಂದ ಬಂದು ಬೀಳುತ್ತಿತ್ತು. ಆ ಗುದ್ದಿಗೆ ಗೋಲ್ಡ್‌ಮನ್ ಸೂಸಿ ಕ್ಯೂ ಎಂದು ಹೆಸರೇ ಇಟ್ಟಿದ್ದರು.

ಕಾಲು ಅಗಲಿಸುವ ಚಟ ಬಿಡಿಸಲು ಎರಡೂ ಕಾಲಿಗೆ ದಾರ ಕಟ್ಟಿ ಆಡಿಸಿದರು. ಉಳುವ ಹೋರಿಗೆ ಹೆಜ್ಜೆ ಕಲಿಸಿದ ಹಾಗೆ!

ದಿನಚರಿ ಹೀಗಿತ್ತು

ರಾಕಿಯ ತಾಲೀಮು ಕೇಳಿದರೆ ನಮ್ಮ ಗರಡಿಮನೆಯ ಹಳೇ ಪೈಲ್ವಾನರು ತಲೆದೂಗಬೇಕು.

ಬೆಳಗ್ಗೆ ಎದ್ದ ಕೂಡಲೇ ಓಟ. ದಿನಕ್ಕೆ 7 ಮೈಲಿ, ಅಂದರೆ 11 ಕಿ.ಮೀ.ಗೂ ಹೆಚ್ಚು. ಹೊಸೂರಿನಿಂದ ಬಾಗಲೂರಿಗೆ ಹೋಗುವಷ್ಟು ದೂರ ಅಂದರೂ ಹೆಚ್ಚುಕಡಿಮೆ ಸರಿ. ಪಂದ್ಯ ಗೊತ್ತಾದ ಮೇಲೆ ಓಡುವವರು ಬಹಳ ಮಂದಿ. ರಾಕಿ ಪಂದ್ಯ ಇಲ್ಲದಾಗಲೂ ಓಡುತ್ತಿದ್ದ. ಏರು ಸಿಕ್ಕರೆ ಬಿಡುತ್ತಿರಲಿಲ್ಲ.

ಗುದ್ದುವ ಚೀಲ ಸಾಮಾನ್ಯದ್ದಲ್ಲ, 300 ಪೌಂಡ್ ತೂಕದ್ದು. ಕೆ.ಜಿ. ಲೆಕ್ಕದಲ್ಲಿ 136. ಐವತ್ತು ಕೆ.ಜಿ.ಯ ಎರಡು ಮುಕ್ಕಾಲು ರಾಗಿ ಮೂಟೆ ಒಟ್ಟಿಗೆ ನೇತು ಹಾಕಿದ ಹಾಗೆ. ಹಗುರ ಚೀಲ ಗುದ್ದಿದರೆ ಅದು ಹಿಂದಕ್ಕೆ ಹೋಗಿ ಕೈಗೆ ಬಿಡುವು ಕೊಡುತ್ತದೆ. ಇದು ಅಲ್ಲಾಡಬೇಕಾದರೆ ಕಾಲಿನಿಂದ, ಸೊಂಟದಿಂದ ಬಲ ಎತ್ತಿ ತರಬೇಕು.

ಇನ್ನೊಂದು ಅಭ್ಯಾಸ ನೀರಿನೊಳಗೆ. ಊರಿನ ಈಜುಕೊಳದಲ್ಲಿ ಕುತ್ತಿಗೆವರೆಗೆ ಇಳಿದು ನೀರಲ್ಲೇ ಗುದ್ದುತ್ತಿದ್ದ. ನೀರು ಕೈಯನ್ನು ಹಿಡಿದು ಎಳೆಯುತ್ತದೆ, ಗಾಳಿಯಲ್ಲಿ ಗುದ್ದಿದ ಹತ್ತು ಪಟ್ಟು ಭುಜ ಬೀಳುತ್ತದೆ. ಹನ್ನೆರಡನೇ ಸುತ್ತಿನಲ್ಲೂ ರಾಕಿಯ ಕೈ ಕೆಳಗೆ ಇಳಿಯದಿದ್ದ ಗುಟ್ಟು ಇಲ್ಲಿದೆ.

ದೊಡ್ಡ ಪಂದ್ಯ ಇದ್ದರೆ ತಿಂಗಳುಗಟ್ಟಲೆ ಮನೆ ಬಿಟ್ಟು ನ್ಯೂಯಾರ್ಕ್ ರಾಜ್ಯದ ಗುಡ್ಡಗಾಡಿನಲ್ಲಿದ್ದ ಗ್ರಾಸಿಂಗರ್ಸ್ ಎಂಬ ವಿಶ್ರಾಂತಿಧಾಮದಲ್ಲಿ ಶಿಬಿರ. ಹೆಂಡತಿ, ಮಗಳಿಂದಲೂ ದೂರ. ಕೊನೆಯ ದಿನಗಳಲ್ಲಿ ಪತ್ರ, ಫೋನು ಎಲ್ಲಾ ಬಂದ್. ಊಟ ಎಂದರೆ ಬಲು ಇಷ್ಟಪಡುವ ಇಟಾಲಿಯನ್ ಮನೆಯ ಹುಡುಗ, ಅಮ್ಮನ ಕೈ ಅಡುಗೆಯನ್ನೂ ಅಳತೆ ಮಾಡಿ ತಿಂದ. ಪ್ರತಿ ಪಂದ್ಯಕ್ಕೂ ಆತನ ತೂಕ ಹೆಚ್ಚುಕಡಿಮೆ 185 ಪೌಂಡ್, ಅಂದರೆ 84 ಕೆ.ಜಿ. ಆಸುಪಾಸಿನಲ್ಲೇ ಇರುತ್ತಿತ್ತು. ಈಗಿನ ನಿಯಮದಲ್ಲಿ ಹೆವಿವೇಟ್ ಅನ್ನಿಸಿಕೊಳ್ಳಲು 200 ಪೌಂಡ್ ದಾಟಬೇಕು. ಆ ಲೆಕ್ಕದಲ್ಲಿ ರಾಕಿ ಇವತ್ತು ಹೆವಿವೇಟ್ ಬಾಕ್ಸರ್ ಕೂಡ ಅಲ್ಲ!

ದಮ್ಮಿನ ಲೆಕ್ಕಾಚಾರ

ಆಗ ಪ್ರಶಸ್ತಿ ಪಂದ್ಯ ಎಂದರೆ 15 ಸುತ್ತು. ಸುತ್ತಿಗೆ 3 ನಿಮಿಷ, ನಡುವೆ ಒಂದು ನಿಮಿಷ ಬಿಡುವು. ಒಟ್ಟು 45 ನಿಮಿಷ ಗುದ್ದಾಟ. 1980ರ ದಶಕದಲ್ಲಿ ಇದನ್ನು 12 ಸುತ್ತಿಗೆ ಇಳಿಸಿದರು.

ಚೆನ್ನಾಗಿ ಆಟ ಬಲ್ಲ ಬಾಕ್ಸರ್ ಈ 45 ನಿಮಿಷವನ್ನು ಉಳಿತಾಯ ಖಾತೆ ಥರ ನೋಡುತ್ತಾನೆ. ಒಂದು ಸುತ್ತಿನಲ್ಲಿ ಖರ್ಚು, ಇನ್ನೊಂದು ಸುತ್ತಿನಲ್ಲಿ ಮಿಗತೆ. ರಾಕಿಯ ಪದ್ಧತಿ ಬೇರೆ. ಮೊದಲ ಗಂಟೆಯಿಂದ ಕೊನೆಯ ಗಂಟೆಯವರೆಗೆ ಒಂದೇ ವೇಗದಲ್ಲಿ ಖರ್ಚು ಮಾಡುವುದು, ಎದುರಾಳಿಗೂ ಖರ್ಚು ಮಾಡಿಸುವುದು. ಆತನ ಖಾತೆ ಖಾಲಿಯಾದ ದಿನ ವಸೂಲಿ!

ತಲೆ ಸಿಗದಿದ್ದರೆ ಪಕ್ಕೆಗೆ ಗುದ್ದುತ್ತಿದ್ದ. ಪಕ್ಕೆಯೂ ಸಿಗದಿದ್ದರೆ ಅಡ್ಡ ಹಿಡಿದ ಕೈಗೇ ಗುದ್ದುತ್ತಿದ್ದ. ರೋಲಂಡ್ ಲಾ ಸ್ಟಾರ್ಜಾ ಎಂಬ ಬುದ್ಧಿವಂತ ಬಾಕ್ಸರ್ 1950ರಲ್ಲಿ ರಾಕಿಯನ್ನು ಸೋಲಿನ ಅಂಚಿಗೆ ತಂದಿದ್ದ. ತೀರ್ಪುಗಾರರೇ ಒಡೆದುಹೋಗಿ, ಕೂದಲೆಳೆಯಲ್ಲಿ ರಾಕಿ ಪಾರಾಗಿದ್ದ. 1953ರ ಸೆಪ್ಟೆಂಬರ್ 24ರಂದು ಮತ್ತೆ ಎದುರಾದಾಗ ಲಾ ಸ್ಟಾರ್ಜಾ ತೋಳು ಅಡ್ಡ ಹಿಡಿದು ಚೆನ್ನಾಗಿಯೇ ತಡೆದ. ಆದರೆ ತಡೆದ ತೋಳುಗಳೇ ಜಜ್ಜಿ ಹೋದವು. ಕೈ ಎತ್ತಲಾಗದ ಸ್ಥಿತಿಗೆ ಬಂದವನನ್ನು 11ನೇ ಸುತ್ತಿನಲ್ಲಿ ರಾಕಿ ಮುಗಿಸಿದ.

ದೋಷಗಳೂ ಕಡಿಮೆ ಇರಲಿಲ್ಲ

ಹಾಗಾದರೆ ರಾಕಿ ಪರಿಪೂರ್ಣ ಬಾಕ್ಸರ್ ಆಗಿದ್ದನೇ? ಖಂಡಿತ ಇಲ್ಲ. ಆಟದ ತಂತ್ರ ಬಲ್ಲವರು ಇಂದಿಗೂ ಆತನ ದೋಷಗಳನ್ನು ಬೆರಳು ಮಡಚಿ ಎಣಿಸುತ್ತಾರೆ.

ಮೊದಲನೆಯದು, ತೋಳಿನ ಅಳತೆ. ಎರಡೂ ಕೈ ಚಾಚಿದರೆ ಸುಮಾರು 68 ಇಂಚು. ಜೋ ಲೂಯಿಯದು 76, ಮಹಮ್ಮದ್ ಅಲಿಯದು 78. ಅಂದರೆ ರಾಕಿ ಗುದ್ದಬೇಕಾದರೆ ಮೊದಲು ಎದುರಾಳಿಯ ಗುದ್ದುಗಳನ್ನು ದಾಟಿ ಒಳಗೆ ಹೋಗಬೇಕು. ಒಳಗೆ ಹೋಗುವ ದಾರಿಯಲ್ಲಿ ಬೀಳುವ ಏಟು ಆತನ ಬಂಡವಾಳ.

ಎರಡನೆಯದು, ನಿಧಾನದ ಕಾಲು. ರಿಂಗಿನಲ್ಲಿ ಸುತ್ತುತ್ತಾ ಆಡುವವನನ್ನು ಮೂಲೆಗೆ ತಳ್ಳಲು ರಾಕಿಗೆ ಹಲವು ಸುತ್ತು ಬೇಕಾಗುತ್ತಿತ್ತು.

ಮೂರನೆಯದು, ಗುರಿ ತಪ್ಪುವುದು. ಬೀಸಿದ ಗುದ್ದುಗಳಲ್ಲಿ ಅನೇಕವು ಗಾಳಿಗೆ. ತಪ್ಪಿದಾಗ ತೂಕ ಮುಂದಕ್ಕೆ ವಾಲಿ ಗಲ್ಲ ತೆರೆದುಕೊಳ್ಳುತ್ತಿತ್ತು. ಆ ಕ್ಷಣಕ್ಕಾಗಿ ಕಾದವರು ರಾಕಿಯನ್ನು ಎರಡು ಸಾರಿ ನೆಲಕ್ಕೆ ಬೀಳಿಸಿದ್ದಾರೆ.

ನಾಲ್ಕನೆಯದು, ಚರ್ಮ. ಹುಬ್ಬು, ಮೂಗು ಬೇಗ ಒಡೆಯುತ್ತಿದ್ದವು. ಬಗ್ಗಿ ನುಗ್ಗುವವನಿಗೆ ಇದು ತಪ್ಪಿದ್ದಲ್ಲ.

ಐದನೆಯದು, ಒರಟು ಆಟ. 1955ರ ಮೇ 16ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇಂಗ್ಲೆಂಡಿನ ಡಾನ್ ಕಾಕೆಲ್‌ನನ್ನು 9ನೇ ಸುತ್ತಿನಲ್ಲಿ ಸೋಲಿಸಿದಾಗ ನಿಯಮ ಮೀರಿ ಗುದ್ದಿದ್ದಾನೆ ಎಂದು ಬ್ರಿಟಿಷ್ ಪತ್ರಿಕೆಗಳು ಜರೆದವು. ಮನಸ್ಸಿನಲ್ಲಿ ಕೆಟ್ಟದ್ದಿಲ್ಲದಿದ್ದರೂ ಅಂಕುಶ ಇಲ್ಲದ ಆನೆ ಥರ ಆಡುತ್ತಿದ್ದ ಎಂಬುದು ಸುಳ್ಳಲ್ಲ.

ಇಷ್ಟು ದೋಷ ಇಟ್ಟುಕೊಂಡು ಗೆದ್ದದ್ದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಆತನ ದಿನಚರಿಯಲ್ಲೇ ಇದೆ. ತಪ್ಪಿದ ಗುದ್ದು ಕೂತ ಗುದ್ದಿಗಿಂತ ಹೆಚ್ಚು ದಣಿವು ತರುತ್ತದೆ. ಅಷ್ಟು ಗುದ್ದು ತಪ್ಪಿಸಿಕೊಂಡೂ ದಣಿಯದ ದಮ್ಮು ಇದ್ದರೆ ಮಾತ್ರ ಈ ಆಟ ನಡೆಯುತ್ತದೆ. ರಾಕಿಗೆ ಓಟ ಹೆಚ್ಚುಗಾರಿಕೆ ಆಗಿರಲಿಲ್ಲ, ದೋಷ ಮುಚ್ಚುವ ಹೊದಿಕೆ ಆಗಿತ್ತು.

ಸಾವಿನ ಅಂಚಿಗೆ ಹೋದ ಎದುರಾಳಿ

1949ರ ಡಿಸೆಂಬರ್ 30. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಕಾರ್ಮೈನ್ ವಿಂಗೊ ಎಂಬ 20ರ ಹುಡುಗ ರಾಕಿಗೆ ಎದುರಾದ. ಇಬ್ಬರೂ ಹಿಂಜರಿಯದೆ ಗುದ್ದಾಡಿದರು. ಆರನೇ ಸುತ್ತಿನಲ್ಲಿ ಬಿದ್ದ ವಿಂಗೊ ಏಳಲಿಲ್ಲ. ಪ್ರಜ್ಞೆ ಇಲ್ಲದೆ ಆಸ್ಪತ್ರೆಗೆ ಸಾಗಿಸಿದರು. ಉಳಿಯುವುದೇ ಕಷ್ಟ ಎಂಬ ಸ್ಥಿತಿ.

ರಾಕಿ ಆಸ್ಪತ್ರೆಯಲ್ಲೇ ಕಾದ. ವಿಂಗೊ ಸತ್ತರೆ ಮತ್ತೆ ಗ್ಲೌಸ್ ಮುಟ್ಟುವುದಿಲ್ಲ ಎಂಬ ಮನಸ್ಸಾಗಿತ್ತು. ವಿಂಗೊ ಬದುಕಿದ. ಆದರೆ ಮತ್ತೆ ರಿಂಗಿಗೆ ಬರಲು ಆಗಲಿಲ್ಲ. ಆಸ್ಪತ್ರೆ ಖರ್ಚಿಗೆ ರಾಕಿ ನೆರವಾದ. ಮರುವರ್ಷ ಡಿಸೆಂಬರ್ 31ರಂದು ಬಾರ್ಬರಾ ಕಸಿನ್ಸ್ ಜೊತೆ ರಾಕಿಯ ಮದುವೆಯಾದಾಗ ವಿಂಗೊ ಅತಿಥಿಯಾಗಿ ಬಂದಿದ್ದ. ಗೆದ್ದ 49 ಪಂದ್ಯಗಳ ಪಟ್ಟಿಯಲ್ಲಿ ಇದೂ ಒಂದು ಗೆಲುವು. ಆದರೆ ಇದಕ್ಕೆ ತೆತ್ತ ಬೆಲೆ ಒಬ್ಬ ಹುಡುಗನ ಆರೋಗ್ಯ ಎಂಬುದನ್ನು ಮರೆಯುವಂತಿಲ್ಲ.

ಆರಾಧ್ಯ ದೈವವನ್ನೇ ಬೀಳಿಸಿದ

ರಾಕಿ ಹುಡುಗನಾಗಿದ್ದಾಗ ಜೋ ಲೂಯಿ ಹೆಸರು ಅಮೆರಿಕದ ಮನೆಮಾತು. ಸುಮಾರು 12 ವರ್ಷ ಚಾಂಪಿಯನ್ ಆಗಿದ್ದ ಲೂಯಿ ನಿವೃತ್ತಿ ಆದಮೇಲೆ ಆದಾಯ ತೆರಿಗೆ ಬಾಕಿ ಬೆಟ್ಟದಷ್ಟು ಬೆಳೆದು ಮತ್ತೆ ರಿಂಗಿಗೆ ಇಳಿಯಬೇಕಾಯಿತು. 1951ರ ಅಕ್ಟೋಬರ್ 26ರಂದು ರಾಕಿ ಎದುರು ನಿಂತಾಗ ಲೂಯಿಗೆ 37 ವರ್ಷ. ಮೊದಮೊದಲು ಲೂಯಿಯ ಉದ್ದ ಎಡಗೈ ಚೆನ್ನಾಗಿಯೇ ಕೆಲಸ ಮಾಡಿತು. ಆಮೇಲೆ ಕಾಲು ಸೋತವು. ಎಂಟನೇ ಸುತ್ತಿನಲ್ಲಿ ರಾಕಿಯ ಗುದ್ದಿಗೆ ಲೂಯಿ ಹಗ್ಗದ ನಡುವಿನಿಂದ ರಿಂಗಿನ ಅಂಚಿಗೆ ಬಿದ್ದ. ಜನ ದುಃಖದಿಂದ ನೋಡಿದರು. ಗೆದ್ದ ರಾಕಿ ಕೂಡ ಡ್ರೆಸ್ಸಿಂಗ್ ರೂಮಿನಲ್ಲಿ ಅತ್ತುಬಿಟ್ಟ.

ಹಣದ ಲೆಕ್ಕ ತಪ್ಪಿದರೆ ಚಾಂಪಿಯನ್ನನ ಗತಿಯೂ ಹೀಗಾಗುತ್ತದೆ ಎಂಬುದನ್ನು ರಾಕಿ ಅಂದು ಕಣ್ಣಾರೆ ಕಂಡ. ಆ ಹೆದರಿಕೆ ಆತನನ್ನು ಕೊನೆಯವರೆಗೆ ಬಿಡಲಿಲ್ಲ.

13ನೇ ಸುತ್ತಿನ ಆ ಗುದ್ದು

ಪ್ರಶಸ್ತಿಯ ದಿನ ಬಂದಿದ್ದು 1952ರ ಸೆಪ್ಟೆಂಬರ್ 23ರಂದು, ಫಿಲಡೆಲ್ಫಿಯಾದಲ್ಲಿ. ಎದುರಿಗೆ ಚಾಂಪಿಯನ್ ಜರ್ಸಿ ಜೋ ವಾಲ್ಕಾಟ್. ವಯಸ್ಸು 38 ಆದರೂ ರಿಂಗಿನ ಎಲ್ಲಾ ಮಾಯೆ ಬಲ್ಲವನು. ಮೊದಲ ಸುತ್ತಿನಲ್ಲೇ ವಾಲ್ಕಾಟ್‌ನ ಎಡಗೈ ಹುಕ್ ಬಿತ್ತು, ರಾಕಿ ನೆಲ ಕಂಡ. ವೃತ್ತಿಪರ ಬದುಕಿನಲ್ಲಿ ಅದೇ ಮೊದಲು. ನಡುವೆ ಕೆಲವು ಸುತ್ತು ಕಣ್ಣಿಗೆ ಏನೋ ಔಷಧ ಸೇರಿ ಉರಿದು ಎದುರಿನವನೇ ಸರಿಯಾಗಿ ಕಾಣಿಸಲಿಲ್ಲ. ಹನ್ನೆರಡು ಸುತ್ತು ಮುಗಿದಾಗ ಮೂವರು ತೀರ್ಪುಗಾರರ ಹಾಳೆಯಲ್ಲೂ ರಾಕಿ ಹಿಂದೆ. ಉಳಿದಿದ್ದು ಮೂರೇ ಸುತ್ತು. ಮಲಗಿಸದ ಹೊರತು ಗೆಲುವಿಲ್ಲ.

ಹದಿಮೂರನೇ ಸುತ್ತು ಶುರುವಾಗಿ ಅರ್ಧ ನಿಮಿಷ ಕಳೆದಿರಬಹುದು. ವಾಲ್ಕಾಟ್ ಹಗ್ಗಕ್ಕೆ ಒರಗಿದ. ಇಬ್ಬರೂ ಒಟ್ಟಿಗೆ ಬಲಗೈ ಬಿಟ್ಟರು. ರಾಕಿಯದು ಮೊದಲು ತಲುಪಿತು. ಅದು ಗಲ್ಲಕ್ಕೆ ಕೂತ ರೀತಿಗೆ ವಾಲ್ಕಾಟ್ ಒಂದು ಕೈ ಹಗ್ಗಕ್ಕೆ ಸಿಕ್ಕಿಸಿಕೊಂಡು ಮೊಣಕಾಲ ಮೇಲೆ ಕುಸಿದ. ಹತ್ತು ಎಣಿಸಿ ಮುಗಿಸಿದರು. ಗಿಡ್ಡ ತೋಳಿನಿಂದ ಬಂದ ಆ ಗುದ್ದು ಚಲಿಸಿದ ದೂರ ತೀರಾ ಕಡಿಮೆ. ಆದರೆ ಹಿಂದೆ 12 ಸುತ್ತು ಮುಗಿಸಿಯೂ ಕಾಲಿನಲ್ಲಿ ಉಳಿದಿದ್ದ ಬಲ ಅದರಲ್ಲಿತ್ತು. 1953ರ ಮೇ 15ರಂದು ಷಿಕಾಗೊದಲ್ಲಿ ಮರುಪಂದ್ಯ ನಡೆದಾಗ ವಾಲ್ಕಾಟ್ ಮೊದಲ ಸುತ್ತನ್ನೂ ದಾಟಲಿಲ್ಲ.

ಸೀಳಿದ ಮೂಗು

ರಾಕಿಯ ದಮ್ಮಿಗೂ ದೋಷಕ್ಕೂ ಒಟ್ಟಿಗೆ ಪರೀಕ್ಷೆ ಇಟ್ಟವನು ಎಜರ್ಡ್ ಚಾರ್ಲ್ಸ್. 1954ರ ಜೂನ್ 17ರಂದು ನ್ಯೂಯಾರ್ಕಿನ ಯಾಂಕೀ ಸ್ಟೇಡಿಯಂನಲ್ಲಿ ಇಬ್ಬರೂ ಪೂರ್ತಿ 15 ಸುತ್ತು ಆಡಿದರು. ರಾಕಿ ಎದುರು 15 ಸುತ್ತು ನಿಂತವನು ಚಾರ್ಲ್ಸ್ ಒಬ್ಬನೇ. ಅಂಕದ ಮೇಲೆ ರಾಕಿ ಗೆದ್ದ.

ಮೂರು ತಿಂಗಳಿಗೆ, ಸೆಪ್ಟೆಂಬರ್ 17ರಂದು ಮತ್ತೆ ಅದೇ ಜಾಗ. ಆರನೇ ಸುತ್ತಿನಲ್ಲಿ ರಾಕಿಯ ಮೂಗಿನ ಹೊಳ್ಳೆ ಸೀಳಿಹೋಯಿತು. ರಕ್ತ ನಿಲ್ಲಲಿಲ್ಲ. ಗಾಯ ನೋಡಿಕೊಳ್ಳುವ ಫ್ರೆಡ್ಡಿ ಬ್ರೌನ್ ಒಂದು ನಿಮಿಷದ ಬಿಡುವಿನಲ್ಲಿ ಮಾಡಬಹುದಾದ್ದೆಲ್ಲ ಮಾಡಿದ. ವೈದ್ಯರು ಯಾವ ಗಳಿಗೆಯಲ್ಲಿ ಪಂದ್ಯ ನಿಲ್ಲಿಸುತ್ತಾರೋ ಗೊತ್ತಿಲ್ಲ. ನಿಲ್ಲಿಸಿದರೆ ಪ್ರಶಸ್ತಿ ಹೋಯಿತು. ಎಂಟನೇ ಸುತ್ತಿನಲ್ಲಿ ರಾಕಿ ಮೈಮೇಲೆ ಬಿದ್ದು ಚಾರ್ಲ್ಸ್‌ನನ್ನು ಮುಗಿಸಿದ.

ಕೊನೆಯ ಪಂದ್ಯ 1955ರ ಸೆಪ್ಟೆಂಬರ್ 21ರಂದು, ಯಾಂಕೀ ಸ್ಟೇಡಿಯಂನಲ್ಲೇ. 61 ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಅನುಭವಿ ಆರ್ಚಿ ಮೂರ್ ಎರಡನೇ ಸುತ್ತಿನಲ್ಲಿ ಬಲಗೈಯಿಂದ ರಾಕಿಯನ್ನು ಬೀಳಿಸಿದ. ಎದ್ದ ರಾಕಿ ಅಲ್ಲಿಂದ ಬಿಡುವು ಕೊಡಲಿಲ್ಲ. ಒಂಬತ್ತನೇ ಸುತ್ತಿನಲ್ಲಿ ಮೂರ್ ಮೇಲೇಳಲಿಲ್ಲ.

ಬಿಟ್ಟು ಬಂದ ಧೈರ್ಯ

1956ರ ಏಪ್ರಿಲ್ 27ರಂದು ರಾಕಿ ನಿವೃತ್ತಿ ಘೋಷಿಸಿದ. ವಯಸ್ಸು 32. ಬೆನ್ನು ನೋವಿತ್ತು. ಹೆಂಡತಿ, ಮಗಳ ಜೊತೆ ಇರಬೇಕು ಎಂಬ ಆಸೆ ಇತ್ತು. ಗಳಿಕೆಯ ಅರ್ಧ ಪಾಲು ಒಯ್ಯುತ್ತಿದ್ದ ಮ್ಯಾನೇಜರ್ ವೈಲ್ ಜೊತೆ ಮನಸ್ತಾಪವೂ ಇತ್ತು. ಎಲ್ಲಕ್ಕಿಂತ ಮೇಲೆ ಆ ನರಕದ ತಾಲೀಮನ್ನು ಇನ್ನೊಮ್ಮೆ ಮಾಡುವ ಮನಸ್ಸಿರಲಿಲ್ಲ. ತಾಲೀಮು ಇಲ್ಲದ ರಾಕಿ ಸಾಧಾರಣ ಬಾಕ್ಸರ್ ಎಂಬುದು ಬೇರೆಯವರಿಗಿಂತ ಆತನಿಗೇ ಚೆನ್ನಾಗಿ ಗೊತ್ತಿತ್ತು. ಲಕ್ಷಗಟ್ಟಲೆ ಡಾಲರ್ ಆಸೆ ತೋರಿಸಿದರೂ ಮರಳಿ ಬರಲಿಲ್ಲ.

49 ಪಂದ್ಯ, 49 ಗೆಲುವು, ಅದರಲ್ಲಿ 43 ನಾಕೌಟ್. ಚಾಂಪಿಯನ್ ಆದ ಮೇಲೆ 6 ಸಾರಿ ಪ್ರಶಸ್ತಿ ಉಳಿಸಿಕೊಂಡದ್ದು.

ಆದರೆ ದೇಹದ ಲೆಕ್ಕ ಇಷ್ಟು ಚೊಕ್ಕಟವಾಗಿ ಇಟ್ಟವನು ಹಣದ ಲೆಕ್ಕ ಇಡಲಿಲ್ಲ. ಬಡತನ ಮತ್ತೆ ಬಂದೀತು ಎಂಬ ಹೆದರಿಕೆಗೆ ಬ್ಯಾಂಕು ನಂಬಲಿಲ್ಲ, ಚೆಕ್ಕು ಮುಟ್ಟಲಿಲ್ಲ. ಎಲ್ಲಾ ನಗದು ವ್ಯವಹಾರ. ಕೊಟ್ಟ ಸಾಲಕ್ಕೆ ಕಾಗದ ಪತ್ರ ಇಲ್ಲ. ದುಡ್ಡು ಎಲ್ಲೆಲ್ಲಿ ಇಟ್ಟಿದ್ದ ಎಂಬುದು ಮನೆಯವರಿಗೂ ಹೇಳಲಿಲ್ಲ. ಲೂಯಿ ಸಾಲದಲ್ಲಿ ಮುಳುಗಿದ್ದು ನೋಡಿ ಬುದ್ಧಿ ಕಲಿಯಲು ಹೋಗಿ ರಾಕಿ ಇನ್ನೊಂದು ದಡಕ್ಕೆ ಬಿದ್ದ.

ಯಂತ್ರದ ಪಂದ್ಯ, ವಿಮಾನದ ಸಾವು

1969ರಲ್ಲಿ ಒಂದು ವಿಚಿತ್ರ ಪ್ರಯೋಗ ನಡೆಯಿತು. ಸೋಲಿಲ್ಲದ ರಾಕಿ ಮತ್ತು ಆಗ ಸೋಲಿಲ್ಲದ ಅಲಿ ಆಡಿದರೆ ಗೆಲ್ಲುವವರು ಯಾರು? ಇಬ್ಬರ ಅಂಕಿಅಂಶ ಕಂಪ್ಯೂಟರಿಗೆ ಕೊಟ್ಟು, ಇಬ್ಬರನ್ನೂ ರಿಂಗಿನಲ್ಲಿ ನಿಲ್ಲಿಸಿ ಸಿನಿಮಾ ತೆಗೆದರು. ಸೈನ್ಯ ಸೇರಲು ಒಪ್ಪದ್ದಕ್ಕೆ ಅಲಿಯ ಲೈಸೆನ್ಸ್ ಆಗ ರದ್ದಾಗಿತ್ತು. 45ರ ರಾಕಿ ಇದಕ್ಕಾಗಿ ಹಳೇ ತಾಲೀಮು ಹಿಡಿದು ಸುಮಾರು 50 ಪೌಂಡ್ ಇಳಿಸಿದ, ಬೋಳು ತಲೆಗೆ ವಿಗ್ ಹಾಕಿದ. 1970ರ ಜನವರಿಯಲ್ಲಿ ತೆರೆ ಕಂಡಾಗ 13ನೇ ಸುತ್ತಿನಲ್ಲಿ ರಾಕಿ ಗೆದ್ದ ಹಾಗೆ ತೋರಿಸಲಾಯಿತು. ಯುರೋಪಿನಲ್ಲಿ ಅಲಿ ಗೆದ್ದ ಪ್ರತಿಯೂ ಓಡಿತು!

ಅದನ್ನು ನೋಡಲು ರಾಕಿ ಬದುಕಿರಲಿಲ್ಲ. 1969ರ ಆಗಸ್ಟ್ 31ರ ರಾತ್ರಿ ಅಯೋವಾ ರಾಜ್ಯದ ನ್ಯೂಟನ್ ಊರಿನ ಬಳಿ ಆತ ಹೋಗುತ್ತಿದ್ದ ಸಣ್ಣ ಸೆಸ್ನಾ ವಿಮಾನ ಕೆಟ್ಟ ಹವೆಗೆ ಸಿಕ್ಕಿ ಮರಕ್ಕೆ ಬಡಿದು ಬಿತ್ತು. ಒಳಗಿದ್ದ ಮೂವರೂ ಸತ್ತರು. ಮರುದಿನ ರಾಕಿಗೆ 46 ತುಂಬಬೇಕಿತ್ತು. ಬಚ್ಚಿಟ್ಟ ಹಣದ ಪೂರ್ತಿ ಲೆಕ್ಕ ಹೆಂಡತಿ ಮಕ್ಕಳಿಗೆ ಸಿಗಲೇ ಇಲ್ಲ.

ದಾಖಲೆ ಮುರಿಯಿತೇ?

1985ರಲ್ಲಿ ಲ್ಯಾರಿ ಹೋಮ್ಸ್ 48 ಪಂದ್ಯ ಗೆದ್ದು 49ನೆಯದರಲ್ಲಿ ಮೈಕೆಲ್ ಸ್ಪಿಂಕ್ಸ್‌ಗೆ ಸೋತ. 2017ರ ಆಗಸ್ಟ್ 26ರಂದು ಫ್ಲಾಯ್ಡ್ ಮೇವೆದರ್ 50 ಮುಟ್ಟಿದ. ಆದರೆ ಆತನದು ಕಡಿಮೆ ತೂಕದ ವಿಭಾಗ. ಎಲ್ಲಾ ಪಂದ್ಯ ಗೆದ್ದು ನಿವೃತ್ತನಾದ ಹೆವಿವೇಟ್ ಚಾಂಪಿಯನ್ ಅಂದರೆ ಈಗಲೂ ರಾಕಿ ಒಬ್ಬನೇ. 2012ರಲ್ಲಿ ಬ್ರಾಕ್ಟನ್‌ನಲ್ಲಿ ಆತನ ದೊಡ್ಡ ಕಂಚಿನ ಪ್ರತಿಮೆ ನಿಲ್ಲಿಸಿದರು. ಬಲಗೈ ಬೀಸಿದ ಭಂಗಿ, ವಾಲ್ಕಾಟ್‌ನನ್ನು ಮಲಗಿಸಿದ ಅದೇ ಗುದ್ದು.

ಆ ಪ್ರತಿಮೆಯಲ್ಲಿ ತೋಳು ಎಷ್ಟು ಉದ್ದ ಎಂದು ಯಾರೂ ಅಳೆಯುವುದಿಲ್ಲ. ಆದರೆ ರಾಕಿ ಮಾತ್ರ ತನ್ನ ತೋಳನ್ನು ಮೊದಲ ದಿನವೇ ಅಳೆದುಕೊಂಡಿದ್ದ. ಕಡಿಮೆ ಬಿದ್ದ ಎಂಟು ಹತ್ತು ಇಂಚನ್ನು ದಿನಕ್ಕೆ 7 ಮೈಲಿಯಂತೆ ಓಡಿ ಓಡಿ ತುಂಬಿಸಿದ.